ಹತ್ತನೇ ಪುಟದ ಆಚೆ

ಕೃಷ್ಣಗಿರಿ ಹೊಸ ಜಿಲ್ಲೆಯಾದ ಕಾಲ. ಹೊಸೂರಿನ ಕಾರ್ಖಾನೆಯಲ್ಲಿ ಎಂಟು ಗಂಟೆ ನಿಂತು ಸಾಕಾಗಿ ಬಸ್ ಹತ್ತಿದರೆ, ಪಕ್ಕದಲ್ಲಿ ಕೂರುತ್ತಿದ್ದ ಫಿಟ್ಟರ್‌ಗೆ ತಮಿಳು ಪತ್ತೇದಾರಿ ಕಾದಂಬರಿಗಳ ಹುಚ್ಚು. ನನಗೆ ತಮಿಳು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

"ಇದನ್ನ ನೀನು ಬಿಡಂಗೇ ಇಲ್ಲ ಕಣ್ಲಾ," ಅಂತ ಅವನೇ ದಿನಕ್ಕಿಷ್ಟು ಕಥೆ ಹೇಳುತ್ತಿದ್ದ. ಕಣ್ಣು ಎಳೆಯುತ್ತಿದ್ದರೂ ಕೇಳುತ್ತಿದ್ದೆ.

ಅವನಿಗೆ ಬೇರೆ ಶಿಫ್ಟ್ ಬಿದ್ದಮೇಲೆ, ಬಸ್ಸಿನ ಬೋರ್ಡು ನೋಡಿ ನೋಡಿ ತಮಿಳು ಅಕ್ಷರ ಕಲಿತೆ. ಅವನು ಬಹಳ ಹೊಗಳಿದ್ದ ಕಾದಂಬರಿಯನ್ನು ತಿಂಗಳುಗಟ್ಟಲೆ ಹೆಣಗಿ ಮುಗಿಸಿದೆ. ಹತ್ತನೇ ಪುಟದವರೆಗೆ ಅವನು ಹೇಳಿದ್ದೇ ಇತ್ತು. ಆಮೇಲೆ ಬೇರೆ ಕಥೆ, ಬೇರೆ ಕೊಲೆಗಾರ, ಅದೂ ಸಪ್ಪೆ. ಹತ್ತು ಪುಟಕ್ಕೇ ಅವನಿಗೆ ನಿದ್ದೆ ಬರುತ್ತಿತ್ತೇನೋ, ಪಾಪ.

ಒಳ್ಳೆಯ ಪತ್ತೇದಾರಿ ಲೇಖಕ ಯಾರು ಅಂತ ಕೇಳಿದರೆ ಈಗಲೂ ಆ ಫಿಟ್ಟರ್ ಹೆಸರೇ ಬಾಯಿಗೆ ಬರುತ್ತದೆ. ಪುಸ್ತಕ ಎಲ್ಲಿ ಸಿಗುತ್ತದೆ ಅಂದರೆ ಏನು ಹೇಳಲಿ?