ಧರ್ಮದ ಕಾಲಂ

ಸಂಪ್ರದಾಯ ಕಾಯುವ ಪಕ್ಷಕ್ಕೆ ಭಾಲ್ಕಿ ತಾಲೂಕಿನಲ್ಲಿ ಒಂಬತ್ತು ಮಂದಿ ಉಪಾಧ್ಯಕ್ಷರು. ಹಲಬರ್ಗಾದ ಮಡೆಪ್ಪನವರು ಮಾತ್ರ ತಾವೊಬ್ಬರೇ ಎಂಬಂತೆ ನಡೆಯುತ್ತಾರೆ. ಸಭೆಯಲ್ಲಿ ಚಪ್ಪಾಳೆಗೆಂದು ಎತ್ತಿದ ಕೈಗಳನ್ನು, ಯಾವ ಬಣ ತಟ್ಟುತ್ತದೆಂದು ತಿಳಿಯುವತನಕ ಗಾಳಿಯಲ್ಲೇ ನಿಲ್ಲಿಸಿಕೊಳ್ಳುವುದು ಅವರ ರೂಢಿ. ಜಾತಿ ಸಮೀಕ್ಷೆ ಬಂದಾಗ, ಧರ್ಮ ಏನೆಂದು ಬರೆಸಬೇಕೆಂಬುದರ ಮೇಲೆ ಪಕ್ಷವೇ ಎರಡಾಯಿತು. ಬೀದರಿನ ಬಣದೆದುರು "ಧರ್ಮದ ಕಾಲಂನ್ಯಾಗ ಹಿಂದೂ ಅಂತೇ ಬರೆಸ್ರಿ" ಎಂದು ಗುಡುಗಿದ ಮಡೆಪ್ಪನವರು, ಔರಾದಿನ ಬಣದೆದುರು "ಲಿಂಗಾಯತ ಅಂತ ಬರೆಸ್ರಿ, ಬಸವಣ್ಣನ ಮಕ್ಕಳು ನಾವು" ಎಂದು ಕಣ್ಣೊರೆಸಿಕೊಂಡರು. ಎರಡೂ ಕಡೆ ಹಾರ ಬಿತ್ತು. ಎರಡನ್ನೂ ಮನೆಗೊಯ್ಯಲು ನಾಚಿ ಜೀಪಿನಲ್ಲೇ ಬಿಟ್ಟರು. ಮರುದಿನ ಸಮೀಕ್ಷೆಯ ಟೀಚರು ಅವರ ಅಂಗಳಕ್ಕೇ ಬಂದು, "ಧರ್ಮ ಏನು ಬರೀಲ್ರಿ ಕಾಕಾ?" ಎಂದು ಕೇಳಿದರು. ಮಡೆಪ್ಪನವರು ಎರಡೂ ಬಣಗಳ ನಾಯಕರಿಗೆ ಫೋನು ಹಚ್ಚಿದರು. ಒಬ್ಬರೂ ಎತ್ತಲಿಲ್ಲ. "ನಂದು, ಮಕ್ಕಳದು ಲಿಂಗಾಯತ ಬರ್ಕೋರಿ ಟೀಚರ," ಎಂದರು ಹೆಂಡತಿ ದಾನಮ್ಮ, "ಇವರದು ಮ್ಯಾಲಿಂದ ಬರಬೇಕ್ರಿ. ಬಂದಕೂಡ್ಲೆ ತಿಳಿಸ್ತೇವಿ." ಟೀಚರು ನಗು ನುಂಗಿ ತಲೆ ತಗ್ಗಿಸಿದರು. ಅಂಗಿಯೊಳಗೆ ಎದೆಗೆ ತಾಗಿದ್ದ ಇಷ್ಟಲಿಂಗವನ್ನು ಮಡೆಪ್ಪನವರ ಅಂಗೈ ತಾನಾಗಿ ಮುಚ್ಚಿಕೊಂಡಿತು, ಅದಕ್ಕೆ ಈ ಮಾತು ಕೇಳಿಸಬಾರದು ಎಂಬಂತೆ.