ಎಡಗಿವಿಗೆ ಯಂತ್ರ, ಕಮಲಾಪುರಕ್ಕೆ ಮೃದುಲಾ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ ಮೃದುಲಾ ಎಂಬ ಮೂವತ್ತೆಂಟು ವರ್ಷದ ಹೆಣ್ಣುಮಗಳಿದ್ದಾಳೆ. ಹುಟ್ಟಿನಿಂದಲೇ ಕಣ್ಣಿಲ್ಲ. ಹೀಗೆಂದ ಕೂಡಲೇ ಅಯ್ಯೋ ಪಾಪ ಎನ್ನಲು ಬಾಯಿ ತೆರೆಯುವವರು ಈಗಲೇ ಮುಚ್ಚಿಕೊಳ್ಳುವುದು ಒಳ್ಳೆಯದು. ಅವಳ ಮುಂದೆ ಹಾಗೆ ಅಂದವರು ಯಾರೂ ಆ ಮನೆಯಲ್ಲಿ ಚಹಾ ಕುಡಿದು ಹೋಗಿಲ್ಲ.

ಅವಳ ಕೆಲಸ ಪಾಠ ಓದುವುದು. ಬ್ರೈಲ್ ಪುಸ್ತಕದ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಿ, ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, ಕಮಲಾಪುರದ ಅಂಧ ಮಕ್ಕಳ ಶಾಲೆಗೆ ಕಳಿಸುತ್ತಾಳೆ. ಲ್ಯಾಪ್‌ಟಾಪು ಹಳೆಯದು, ಅದನ್ನು ನಡೆಸುವುದು ಲಿನಕ್ಸ್ ಎಂಬ ತಂತ್ರಾಂಶ. ಪರದೆಯ ಮೇಲೆ ಏನಿದೆ, ಯಾವ ಅಕ್ಷರ ಒತ್ತಿದಳು ಎಂಬುದನ್ನೆಲ್ಲ ಅದೇ ಬಾಯಿಬಿಟ್ಟು ಹೇಳುತ್ತದೆ. ಆ ದನಿ ಇದ್ದರೆ ಯಂತ್ರ ಅವಳು ಹೇಳಿದಂತೆ ಕೇಳುತ್ತದೆ. ದನಿ ಹೋಯಿತೋ, ಅದು ಬರೀ ತಗಡು.

ಆದರೆ ಆ ದನಿಗೆ ಹೊತ್ತುಗೊತ್ತಿಲ್ಲ. ಯಂತ್ರದೊಳಗಿನ ಶಬ್ದವೆಲ್ಲ ಒಂದೇ ಕಡೆ ಸೇರುತ್ತಿದ್ದುದರಿಂದ ಅದರ ಮಾತೂ ಪಾಠದೊಳಗೆ ನುಸುಳುತ್ತಿತ್ತು. ಈ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗಿ, "ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದರು, ಬ್ಯಾಟರಿ ಇಪ್ಪತ್ತು ಪರ್ಸೆಂಟ್" ಎಂದು ಉತ್ತರ ಬರೆದಳು. ಅವಳೊಬ್ಬಳೇ ಅಲ್ಲ, ಒಂಬತ್ತು ಮಕ್ಕಳು ಹಾಗೇ ಬರೆದಿದ್ದವು. ಕಿವಿಯಿಂದಲೇ ಓದುವ ಮಕ್ಕಳು ಕೇಳಿದ್ದನ್ನು ಚಾಚೂ ತಪ್ಪದೆ ಬಾಯಿಪಾಠ ಮಾಡಿದ್ದವು.

ಶಾಲೆಯ ಅಂಬಮ್ಮ ಟೀಚರ್ ಫೋನಿನಲ್ಲಿ ಇದನ್ನು ಹೇಳಿದಾಗ ಮೊದಲು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಟೀಚರ್ ದನಿ ತಗ್ಗಿಸಿದರು.

"ತಪ್ಪ ತಿಳ್ಕೋಬ್ಯಾಡ್ರಿ ಮೃದುಲಾಬಾಯಿ. ದಸರಾ ರಜಾ ಮುಗಿಯೋದ್ರೊಳಗ ಒಂದ ಪಾಠ ಸ್ವಚ್ಛ ಬಂತಂದ್ರ ಸರಿ. ಇಲ್ಲಂದ್ರ ಸ್ಟುಡಿಯೋದವರಿಗಿ ಕೊಡೋಣು ಅನ್ನಾಕತ್ತಾರ ಕಮಿಟಿಯವರು."

ಹನ್ನೆರಡು ವರ್ಷ ಯಾರ ಹಂಗೂ ಇಲ್ಲದೆ ಮಾಡಿದ ಕೆಲಸ. ಮೃದುಲಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ, ತನ್ನಂಥವರೇ ಇರುವ ಲಿನಕ್ಸ್ ಬಳಗಕ್ಕೆ ಪತ್ರ ಹಾಕಿ ಕೇಳಿದಾಗ ಪೈಪ್‌ವೈರ್ ಎಂಬ ಸೌಂಡ್ ಸರ್ವರಿನ ಸುದ್ದಿ ತಿಳಿಯಿತು. ಯಂತ್ರದ ಶಬ್ದಗಳ ನಡುವೆ ನಿಂತು, ಯಾವುದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಕಳಿಸುವ ಕೆಲಸ ಅದರದು. ಯಂತ್ರದ ಮಾತು ಅವಳ ಎಡಗಿವಿಗೆ ಮಾತ್ರ, ಮೈಕಿನ ದನಿ ರೆಕಾರ್ಡಿಂಗಿಗೆ ಮಾತ್ರ.

"ಪಂಕ್ತ್ಯಾಗ ಬಡಸವ್ರು ಇದ್ದಂಗ," ಎಂದಳು ತಾಯಿ ಮಥುರಾಬಾಯಿ. "ಸಾರು ಸಾರಿನ ಜಾಗಾಕ್ಕ, ಪಾಯಸ ಪಾಯಸದ ಜಾಗಾಕ್ಕ."

ಅದನ್ನು ಇಳಿಸಿಕೊಂಡದ್ದು ಹಬ್ಬಕ್ಕೆ ಮುಂಚೆಯೇ. ಹೊಸದನ್ನು ಶುರು ಮಾಡಲು ವಿಜಯದಶಮಿಗಿಂತ ಒಳ್ಳೆಯ ದಿನ ಯಾವುದಿದೆ ಎಂದು ಮಥುರಾಬಾಯಿ ತಡೆದಿದ್ದಳು. ಆಯುಧಪೂಜೆಯಂದು ಈಳಿಗೆ, ಕುಕ್ಕರಿನ ಜೊತೆ ಲ್ಯಾಪ್‌ಟಾಪನ್ನೂ ತೆರೆದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿ ಕೈ ಮುಗಿದಳು.

ದಶಮಿಯ ಬೆಳಿಗ್ಗೆ ಹತ್ತಕ್ಕೆ ಮೃದುಲಾ ಕೂತಳು. ಇಷ್ಟು ದಿನ ಶಬ್ದ ನಡೆಸುತ್ತಿದ್ದ ಹಳೆಯ ಸರ್ವರನ್ನು ನಿಲ್ಲಿಸುವ ಆಜ್ಞೆಯನ್ನು ಟೈಪ್ ಮಾಡಿ ಎಂಟರ್ ಒತ್ತಿದಳು. ಯಂತ್ರದ ದನಿ ನಿಂತಿತು. ಅದು ನಿಲ್ಲುವುದು ಗೊತ್ತೇ ಇತ್ತು. ಹೊಸದನ್ನು ಎಬ್ಬಿಸುವ ಆಜ್ಞೆ ಕೊಟ್ಟಳು. ಏನೂ ಕೇಳಿಸಲಿಲ್ಲ. ಮತ್ತೆ ಟೈಪ್ ಮಾಡಿದಳು, ಮತ್ತೆ ಮತ್ತೆ ಮಾಡಿದಳು. ಐದನೆಯ ಸಲವೂ ಅಷ್ಟೇ. ಹಳೆಯದನ್ನೇ ತಿರುಗಿ ಎಬ್ಬಿಸಬಹುದಿತ್ತು, ಆದರೆ ಎಬ್ಬಿಸಿದರೆ ಕೆಲಸ ಸ್ಟುಡಿಯೋದವರ ಪಾಲು. ಫೋನಿನ ಕ್ಯಾಮೆರಾ ಹಿಡಿದು ಓದಿಸಿ ನೋಡಿದಳು. ಕಪ್ಪು ಪರದೆಯ ಸಣ್ಣ ಅಕ್ಷರ ಅದಕ್ಕೆ ದಕ್ಕಲಿಲ್ಲ. ಹಬ್ಬದ ದಿನ, ಅಕ್ಕಪಕ್ಕದ ಮನೆಗಳಿಗೆಲ್ಲ ಬೀಗ.

"ಅವ್ವಾ, ಒಂಚೂರ ಬಾ ಇಲ್ಲಿ."

ಮಥುರಾಬಾಯಿ ಮಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ನೈವೇದ್ಯ ಆಗುವ ತನಕ ಯಾರನ್ನೂ ಮುಟ್ಟುವಂತಿಲ್ಲ, ಹಾಗಾಗಿ ದೂರ ನಿಂತು ಇಣುಕಿದಳು. ಕನ್ನಡ, ಮರಾಠಿ ಎರಡನ್ನೂ ಸರಾಗ ಓದುವ ಅವಳಿಗೆ ಇಂಗ್ಲಿಷಿನ ಒಂದಕ್ಷರವೂ ಗೊತ್ತಿಲ್ಲ. ಮಗಳಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು, ಆದರೆ ಅಚ್ಚಿನ ಅಕ್ಷರದ ಆಕಾರ ಹೇಗಿರುತ್ತದೆಂದು ತಿಳಿಯದು. ಒಬ್ಬಳಿಗೆ ಕಾಣುತ್ತದೆ, ತಿಳಿಯುವುದಿಲ್ಲ. ಇನ್ನೊಬ್ಬಳಿಗೆ ತಿಳಿಯುತ್ತದೆ, ಕಾಣುವುದಿಲ್ಲ. ದೇವರ ಚೇಷ್ಟೆಗೂ ಒಂದು ಮಿತಿ ಬೇಡವೇ?

"ಏನೇನೋ ಅದ. ನನಗೇನ ತಿಳೀತದ ಇದ್ರಾಗ?"

ಮೃದುಲಾ ಕೀಲಿಮಣೆಯ ಮೇಲೆ ಬೆರಳಿಟ್ಟಳು. "ಓದಬ್ಯಾಡ ಅವ್ವಾ. ನಾ ಒಂದೊಂದೇ ಗುಂಡಿ ಒತ್ತತೀನಿ. ಪರದೆ ಮ್ಯಾಲ ಹೊಸಾ ಅಕ್ಷರ ಕೂತ್ರ 'ಕೂತು' ಅನ್ನು."

ಒಂದು ಒತ್ತಿದಳು. "ಕೂತು." ಇನ್ನೊಂದು. "ಕೂತು." ಅಕ್ಷರಗಳು ಸಣ್ಣವು. ಮಥುರಾಬಾಯಿ ಒಂದು ಹೆಜ್ಜೆ ಮುಂದೆ ಬಂದಳು, ಮತ್ತೊಂದು ಹೆಜ್ಜೆ ಬಂದಳು, ಬಾಗಿದಳು. ಬಾಗುವಾಗ ಆಸರೆಗೆ ಕೈ ಮಗಳ ಹೆಗಲ ಮೇಲೆ ಹೋಯಿತು. ಮಡಿ ಹೋಯಿತೆಂದು ಇಬ್ಬರಿಗೂ ಗೊತ್ತಾಯಿತು. ಯಾರೂ ಆ ಮಾತೆತ್ತಲಿಲ್ಲ.

"ಕೂತು. ಕೂತು." ಆಮೇಲೆ ಮಾತಿಲ್ಲ.

"ಏನಾತು?"

"ಕೂಡವಲ್ತು. ಇನ್ನೊಮ್ಮೆ ಒತ್ತು. ಇಲ್ಲ, ಕೂಡವಲ್ತು."

ಅದು ಡಬ್ಲ್ಯು. ಪೈಪ್‌ವೈರ್ ಎಂಬ ಹೆಸರಿನ ನಟ್ಟನಡುವೆ ಕೂರಬೇಕಾದ ಅಕ್ಷರ. ಹಳೆಯದನ್ನು ನಿಲ್ಲಿಸುವ ಆಜ್ಞೆಯಲ್ಲಿ ಆ ಅಕ್ಷರವೇ ಇರಲಿಲ್ಲ, ಅದಕ್ಕೇ ಅದು ಸಲೀಸಾಗಿ ನಡೆದಿತ್ತು. ಮೃದುಲಾ ಉಗುರು ಹಾಕಿ ಗುಂಡಿಯನ್ನು ಮೆಲ್ಲಗೆ ಮೇಲೆತ್ತಿದಳು. ಕೆಳಗೆ ಕೈಗೆ ಹತ್ತಿದ್ದು ಒಂದು ಅಕ್ಕಿಕಾಳು.

"ಅಕ್ಷತಿ," ಎಂದಳು.

ಮಥುರಾಬಾಯಿ ಕಾಳನ್ನು ಕೈಗೆ ತೆಗೆದುಕೊಂಡಳು. "ನಾನೇ ಹಾಕಿದ್ದವ್ವ. ನಿನ್ನ ಕೆಲಸ ಚಲೋ ನಡೀಲಿ ಅಂತ ಹಾಕಿದ್ದೆ."

"ಆತು ಬಿಡು. ದೇವರಿಗೆ ಮುಟ್ಟೇದ."

ಗುಂಡಿಯನ್ನು ಮತ್ತೆ ಕೂರಿಸಿ, ಆಜ್ಞೆಯನ್ನು ಮೊದಲಿನಿಂದ ಟೈಪ್ ಮಾಡಿ, ಎಂಟರ್ ಒತ್ತಿದಳು. ಎರಡು ಉಸಿರಿನಷ್ಟು ಹೊತ್ತು. ಆಮೇಲೆ ಎಡಗಿವಿಯಲ್ಲಿ ದನಿ ಬಂತು. ಬಲಗಿವಿ ಖಾಲಿ. ಒಂದೇ ತಲೆಯೊಳಗೆ ಗೋಡೆ ಎಬ್ಬಿಸಿ ಎರಡು ಕೋಣೆ ಮಾಡಿಕೊಟ್ಟಂತಾಗಿತ್ತು ಅವಳಿಗೆ.

ಇತಿಹಾಸದ ಮೊದಲ ಪಾಠವನ್ನು ಒಂದೇ ಸಮನೆ ಓದಿ ಮುಗಿಸಿದಳು. ಯಂತ್ರ ಎಡಗಿವಿಯಲ್ಲಿ ತನ್ನ ಪಾಡಿಗೆ ತಾನು ಒದರುತ್ತಲೇ ಇತ್ತು. ಮುಗಿದ ಮೇಲೆ ಮೊದಲಿನಿಂದ ಹಚ್ಚಿ ಕೇಳಿದಳು. ಅವಳ ದನಿಯೊಂದೇ. ವಾಕ್ಯ ಮುಗಿದ ಮೇಲಿನ ಮೌನ, ಪುಟ ತಿರುವಿದ ಸಪ್ಪಳ, ಉಸಿರು ತೆಗೆದುಕೊಂಡದ್ದು, ಎಲ್ಲ ಇತ್ತು. ಬೇರೆ ಯಾರೂ ಇರಲಿಲ್ಲ. ಹನ್ನೆರಡು ವರ್ಷ ದನಿಯನ್ನೇ ನಂಬಿ ದುಡಿದವಳು ತನ್ನ ದನಿಯನ್ನು ಹೀಗೆ ಒಂಟಿಯಾಗಿ ಎಂದೂ ಕೇಳಿರಲಿಲ್ಲ. ಅಳು ಬಂತು, ಅತ್ತಳು. ಮಥುರಾಬಾಯಿ ಇಯರ್‌ಫೋನು ತನ್ನ ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದಳು. ಒಲೆಯ ಮೇಲಿನ ಬೇಳೆ ಸೀದ ವಾಸನೆ ಬರುವ ತನಕ ಕೇಳಿದಳು.

ಪಾಠ ಕಮಲಾಪುರಕ್ಕೆ ಹೋಯಿತು. ಮಧ್ಯಾಹ್ನ ಮೂರಕ್ಕೆ ಅಂಬಮ್ಮ ಟೀಚರ್ ಫೋನ್ ಬಂತು.

"ಯಾವ ಸ್ಟುಡಿಯೋದಾಗ ಮಾಡಸೀರಿ ಮೃದುಲಾಬಾಯಿ? ಭಾಳ ಸ್ವಚ್ಛ ಅದ ಅಂದ್ರು ಕಮಿಟಿಯವರು. ನಂಬರ್ ಕೇಳಾಕತ್ತಾರ."

"ನಮ್ಮ ಮನ್ಯಾಗ ಮಾಡೀವ್ರಿ, ಟೀಚರ್. ನಾನು, ನಮ್ಮವ್ವ."

"ಹಂಗಾರ ಉಳಿದ ಹನ್ನೊಂದು ಪಾಠಾನೂ ನೀವೇ ಮಾಡ್ರಿ," ಎಂದರು ಅಂಬಮ್ಮ. "ಕಮಿಟಿಯವರಿಗಿ ನಾ ಹೇಳ್ತೀನಿ."

ಮೃದುಲಾ ಫೋನಿಟ್ಟು, ಮೈಕು ಹತ್ತಿರ ಎಳೆದುಕೊಂಡು ಗುಂಡಿ ಒತ್ತಿದಳು. ರೆಕಾರ್ಡಿಂಗ್ ಶುರುವಾಗಿದೆ ಎಂದು ಯಂತ್ರ ಎಡಗಿವಿಯಲ್ಲಿ ಹೇಳಿತು. ಕಮಲಾಪುರದಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ.

"ಪಾಠ ಎರಡು," ಎಂದಳು ಮೃದುಲಾ.