ಮರ ಸೋಕದ ವೈನ್

“ವೈನ್‌ನ ಮರದ ಪೀಪಾಯಿಲಿ ಇಡ್ತಾರಂತಲ್ಲ, ನಂಗ್ ಬ್ಯಾಡ ಕಣ್ಲಾ,” ಎಂದು ಅಪ್ಪ ಲೋಟ ಸರಿಸಿಬಿಟ್ಟರು. ಹೊಳೆನರಸೀಪುರದಲ್ಲಿ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಮರದ ಹೊಟ್ಟು ಅವರ ಶ್ವಾಸಕೋಶವನ್ನು ಹಾಳುಮಾಡಿದೆ. ಈಗ ಹೊಸ ಬಾಗಿಲಿನ ವಾಸನೆ ಬಂದರೂ ಕೆಮ್ಮು ಹತ್ತುತ್ತದೆ.

ಹಾಸನದಲ್ಲಿ ನಾನು ಅಡುಗೆಮನೆ ಕಬೋರ್ಡು ಮಾಡಿಕೊಟ್ಟ ಮನೆಯವರು ಖುಷಿಯಿಂದ ಕೊಟ್ಟ ಬಿಳಿ ವೈನ್ ಅದು. ಈ ವೈನ್ ಪೀಪಾಯಿ ಕಂಡೇ ಇಲ್ಲ, ಸ್ಟೀಲ್ ಟ್ಯಾಂಕಿನಲ್ಲೇ ಆದದ್ದು ಎಂದು ಅವರು ಹೇಳಿದ್ದನ್ನು ಅಪ್ಪನಿಗೆ ಹೇಳಿದೆ. ಅಪ್ಪ ತಣ್ಣಗಿನ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮತ್ತೆ ಮತ್ತೆ ಮೂಸಿದರು. ಆಮೇಲೆ ಒಂದೇ ಒಂದು ಗುಟುಕು ಕುಡಿದರು.

“ನಿಂಬೆ ಸಿಪ್ಪೆ ಗಮ ಅದೆ. ಈಗ್ತಾನೆ ಕಿತ್ತ ದ್ರಾಕ್ಷಿ ಅಂಗದೆ. ಮರ ಇಲ್ಲ,” ಎಂದರು. ಕೆಮ್ಮಲಿಲ್ಲ. “ಮರದ ವಾಸ್ನೆ ಇಲ್ದೆ ಉಸ್ರು ಎಳ್ದು ಎಷ್ಟು ವರ್ಸ ಆಗಿತ್ಲಾ!”

ನಾನೂ ಬಡಗಿಯೇ. ಅಂದಿನಿಂದ ಕೆಲಸ ಮುಗಿಸಿ ಬಂದವನು ಹೊರಗೇ ಅಂಗಿ ಕಳಚಿ, ಸ್ನಾನ ಮಾಡಿ ಅಪ್ಪನ ಹತ್ತಿರ ಹೋಗುತ್ತೇನೆ. ಅದುವರೆಗೆ ಹೊಟ್ಟು ಮೆತ್ತಿದ ಅಂಗಿಯಲ್ಲೇ ಅವರ ಪಕ್ಕ ಕೂತು ಉಣ್ಣುತ್ತಿದ್ದೆ. ಕೆಮ್ಮುತ್ತಿದ್ದರೇ ಹೊರತು, ಒಂದು ದಿನವೂ ದೂರ ಕೂರು ಎಂದಿರಲಿಲ್ಲ.